ಮೇಲಿನ ಗದ್ದೆಯ ನೀರು, ಕೆಳಗಿನ ಹೊಲದ ಉಪ್ಪು: ತುಂಗಭದ್ರಾ ಎಡದಂಡೆ ಅಚ್ಚುಕಟ್ಟಿನ ಸವಳು-ಜವಳು ಪ್ರಕರಣ

ಏಪ್ರಿಲ್ ಮಧ್ಯದ ಹೊತ್ತಿಗೆ ಎಡದಂಡೆ ಕಾಲುವೆಗೆ ನೀರು ಬಿಡುವುದು ನಿಂತಿರುತ್ತದೆ. ಕಾರಟಗಿ–ಸಿಂಧನೂರು ನಡುವಿನ ಯಾವುದಾದರೂ ಉಪಕಾಲುವೆಯಿಂದ ಕೆಳಗಿನ ಹಳ್ಳದ ತನಕ ಹೊಲದ ಬದು ಹಿಡಿದು ನಡೆದರೆ ಒಂದು ಕಿಲೋಮೀಟರಿನೊಳಗೆ ಎರಡು ಬಗೆಯ ಭೂಮಿ ಸಿಗುತ್ತದೆ. ಮೇಲೆ ನೆಲ್ಲಿನ ಕೂಳೆ, ಕೊಯ್ಲಿನ ಯಂತ್ರದ ಗಾಲಿಗುರುತು, ಎಕರೆಗೆ 35–40 ಚೀಲ ಬಂದ ಮಾತು. ತಗ್ಗಿನಲ್ಲಿ ಅದೇ ಎರೆ ಮಣ್ಣು, ಆದರೆ ಮೇಲೆ ಬೂದಿ ಚೆಲ್ಲಿದಂಥ ಪದರ. ಕಾಲಿಟ್ಟರೆ ಪದರ ಹಪ್ಪಳದ ಹಾಗೆ ಮುರಿಯುತ್ತದೆ, ಅದರಡಿಯ ಮಣ್ಣು ಹಿಟ್ಟಿನಂತೆ ಉಬ್ಬಿ ಮೆತ್ತಗಿರುತ್ತದೆ. ಒಂದು ಗುದ್ದಲಿ ಆಳ ಅಗೆದರೆ ಬೇಸಿಗೆಯಲ್ಲೂ ಹಸಿ ತಗಲುತ್ತದೆ. ಇಲ್ಲಿನವರು ಇದನ್ನು ಸವಳು-ಜವಳು ಎಂದು ಒಟ್ಟಿಗೇ ಹೇಳುತ್ತಾರೆ. ಉಪ್ಪು ಸವಳು, ನಿಂತ ತೇವ ಜವಳು. ಎರಡು ಪದ ಜೋಡಿಯಾಗಿ ಬರುವುದಕ್ಕೆ ಕಾರಣವಿದೆ: ಈ ಸೀಮೆಯಲ್ಲಿ ಒಂದು ಬಿಟ್ಟು ಇನ್ನೊಂದು ಸಿಗುವುದು ಅಪರೂಪ.

ತುಂಗಭದ್ರಾ ಯೋಜನೆಯ ಅಚ್ಚುಕಟ್ಟಿನಲ್ಲಿ ಹೀಗೆ ಕೆಟ್ಟ ಭೂಮಿ ಸುಮಾರು 96 ಸಾವಿರ ಹೆಕ್ಟೇರ್ ಎಂಬ ಅಂಕಿಯನ್ನು ರಾಯಚೂರು ಕೃಷಿ ವಿಶ್ವವಿದ್ಯಾಲಯದ ಸಂಶೋಧನೆಗಳು ಬಳಸುತ್ತ ಬಂದಿವೆ. ಪ್ರಕರಣದ ಪ್ರಶ್ನೆ ಅಂಕಿಯದಲ್ಲ. ಮಣ್ಣು ಒಂದೇ, ಕಾಲುವೆ ಒಂದೇ ಇರುವಲ್ಲಿ ತಗ್ಗಿನ ಹೊಲ ಮಾತ್ರ ಯಾಕೆ ಕೆಟ್ಟಿತು, ಇಷ್ಟು ವರ್ಷ ಮಣ್ಣು ಪರೀಕ್ಷೆ ಮಾಡಿದರೂ ಅದು ಕಾಗದದ ಮೇಲೆ ಯಾಕೆ ಸರಿಯಾಗಿ ಕಾಣಲಿಲ್ಲ, ಸರಿಪಡಿಸಲು ನೆಲದಡಿ ಹಾಕಿದ ಬಸಿ ಪೈಪು, ಎರಚಿದ ಜಿಪ್ಸಂ ಯಾಕೆ ಅರ್ಧಕ್ಕರ್ಧ ವ್ಯರ್ಥವಾಗುತ್ತವೆ ಎಂಬುದು.

ತೆಳ್ಳಗೆ ಹರಡಬೇಕಿದ್ದ ನೀರು

ಅಣೆಕಟ್ಟೆಯ ಕೆಲಸ 1945ರಲ್ಲಿ ಶುರುವಾಗಿ 1953ಕ್ಕೆ ಕಾಲುವೆಗೆ ನೀರು ಬಂತು. ಎಡದಂಡೆ ಮುಖ್ಯ ಕಾಲುವೆ 227 ಕಿಲೋಮೀಟರ್ ಉದ್ದ. ಇವತ್ತಿನ ಕೊಪ್ಪಳ, ರಾಯಚೂರು ಜಿಲ್ಲೆಗಳ ಸುಮಾರು 2.4 ಲಕ್ಷ ಹೆಕ್ಟೇರಿಗೆ ಅದರ ನೀರು ಎಂಬ ಲೆಕ್ಕ. ಈ ಸೀಮೆಯ ಮಳೆ ವರ್ಷಕ್ಕೆ 500–600 ಮಿಲಿಮೀಟರಿನ ಆಸುಪಾಸು. ಹಾಗಾಗಿ ಯೋಜನೆ ಮಾಡಿದವರ ಉದ್ದೇಶ ಬರ ತಪ್ಪಿಸುವುದಾಗಿತ್ತು: ಕಡಿಮೆ ನೀರನ್ನು ಹೆಚ್ಚು ಭೂಮಿಗೆ ತೆಳ್ಳಗೆ ಹರಡುವುದು, ಜೋಳ, ಹತ್ತಿ, ಶೇಂಗಾ ಬೆಳೆಗಳಿಗೆ ಕೆಲವು ನೀರು ಕೊಟ್ಟು ಕಾಪಾಡುವುದು. ಯಾವ ಸರ್ವೆ ನಂಬರಿಗೆ ಯಾವ ಹಂಗಾಮು, ಯಾವ ಬೆಳೆ ಎಂದು ಮೊದಲೇ ಗೊತ್ತುಪಡಿಸಿದರು. ಲೋಕಲೈಜೇಷನ್ ಎಂಬ ಈ ಪದ್ಧತಿಯಲ್ಲಿ ಭತ್ತಕ್ಕೆ ಸಿಕ್ಕಿದ್ದು ಸಣ್ಣ ಪಾಲು.

ಆಮೇಲಿನದು ಎಲ್ಲರಿಗೂ ಗೊತ್ತಿರುವ ಕಥೆ. ಕರಾವಳಿ ಆಂಧ್ರದಿಂದ ಬಂದ ಭತ್ತದ ಕೈಗಾರರು ಎರೆ ಭೂಮಿ ಕೊಂಡು ಕ್ಯಾಂಪುಗಳನ್ನು ಕಟ್ಟಿದರು, ಸ್ಥಳೀಯರೂ ಅದೇ ದಾರಿ ಹಿಡಿದರು, ಸೋನಾ ಮಸೂರಿಗೆ ಹೆಸರು ಬಂತು, ಅಕ್ಕಿ ಗಿರಣಿಗಳು ಬಂದವು. ಭತ್ತ ಗೆದ್ದದ್ದಕ್ಕೆ ಬೆಲೆಯೊಂದೇ ಕಾರಣವಲ್ಲ. ಹಿಂಗಾರಿನ ಎರೆಯಲ್ಲಿ ಹತ್ತಿಗೆ ಹದ ತಪ್ಪಿದರೆ ಬೆಳೆ ಹೋಯಿತು. ಭತ್ತಕ್ಕೆ ನೀರು ನಿಲ್ಲಿಸಿದರೆ ಕಳೆಯೂ ತಗ್ಗುತ್ತದೆ, ಉಪ್ಪೂ ಕೆಳಗಿಳಿಯುತ್ತದೆ. ಮೇಲ್ಭಾಗದವರು ಭತ್ತ ನಾಟಿ ಮಾಡಿದಷ್ಟೂ ಕೊನೆಭಾಗಕ್ಕೆ ನೀರು ತೆಳ್ಳಗಾಯಿತು. ಮಾನ್ವಿ, ರಾಯಚೂರು ಕಡೆಯ ಕೊನೆಭಾಗದ ರೈತರು ಪ್ರತಿ ವರ್ಷ 69ನೇ ಮೈಲು, 104ನೇ ಮೈಲಿನ ಗೇಜು (ಕಾಲುವೆಯ ನೀರಿನ ಎತ್ತರ) ಎಷ್ಟಿದೆ ಎಂದು ಕೇಳುವುದು ಇದೇ ಕಾರಣಕ್ಕೆ.

ಜಲಾಶಯದ ಕಥೆ ಬೇರೆ. ಮೂಲದಲ್ಲಿ 132 ಟಿಎಂಸಿಗೂ ಮೇಲಿದ್ದ ಸಂಗ್ರಹ ಹೂಳಿನಿಂದ 105.788 ಟಿಎಂಸಿಗೆ ಇಳಿದಿದೆ. 2024ರ ಆಗಸ್ಟ್ 10ರ ರಾತ್ರಿ 19ನೇ ಕ್ರಸ್ಟ್ ಗೇಟು ಕೊಚ್ಚಿ ಹೋದಾಗ ಎಲ್ಲರ ಕಣ್ಣು ಅಣೆಕಟ್ಟೆಯ ಮೇಲೆ ನೆಟ್ಟಿತು. ಹೊಲದ ಅಡಿಯಲ್ಲಿ ಏರುತ್ತಿರುವ ನೀರಿಗೆ ಅಂಥ ಸುದ್ದಿ ಬೆಲೆ ಇಲ್ಲ.

ಉಪ್ಪಿನ ತೂಕ

ಕಾಲುವೆಯ ನೀರು ಸಿಹಿ ನೀರೇ. ಆದರೂ ಅದರಲ್ಲಿ ಉಪ್ಪು ಇದ್ದೇ ಇದೆ. ನೀರಿನ ಇ.ಸಿ., ಅಂದರೆ ಉಪ್ಪು ಹೆಚ್ಚಿದಷ್ಟೂ ಏರುವ ವಿದ್ಯುತ್ ವಾಹಕತೆ, ಮೀಟರಿಗೆ 0.3 ಡೆಸಿಸೀಮೆನ್ಸ್ ಎಂದು ಹಿಡಿಯಿರಿ. ಇದನ್ನು ರೂಢಿಯ ಗುಣಕ 640ರಿಂದ ಗುಣಿಸಿದರೆ ಲೀಟರಿಗೆ ಸುಮಾರು 190 ಮಿಲಿಗ್ರಾಂ ಕರಗಿದ ಲವಣ. ಭತ್ತಕ್ಕೆ ಒಂದು ಬೆಳೆಗೆ 1,200 ಮಿಲಿಮೀಟರ್ ನೀರು ಕೊಟ್ಟರೆ ಹೆಕ್ಟೇರಿಗೆ 12,000 ಘನ ಮೀಟರ್ ಆಯಿತು. ಅಂದರೆ ಒಂದು ಬೆಳೆಗೆ ಹೆಕ್ಟೇರಿಗೆ 2.3 ಟನ್ ಉಪ್ಪು ಹೊಲಕ್ಕೆ ಬಂದಿಳಿಯುತ್ತದೆ, ಎರಡು ಬೆಳೆಗೆ ನಾಲ್ಕೂವರೆ ಟನ್. ನೀರನ್ನು ಬಿಸಿಲು ಎಳೆದುಕೊಳ್ಳುತ್ತದೆ, ಬೆಳೆ ಕುಡಿಯುತ್ತದೆ. ಉಪ್ಪು ಮಾತ್ರ ಎಲ್ಲಿಗೂ ಹೋಗುವುದಿಲ್ಲ, ಹರಿದು ಹೋಗಲು ದಾರಿ ಇದ್ದರೆ ಮಾತ್ರ ಹೋಗುತ್ತದೆ.

ಮೇಲಿನ ಹೊಲಕ್ಕೆ ಆ ದಾರಿ ಇದೆ: ಅದರ ಕೆಳಗಿನ ಹೊಲ. ಗದ್ದೆಯಲ್ಲಿ ನಿಂತ ನೀರು ಎರೆ ಮಣ್ಣಿನಲ್ಲಿ ನಿಧಾನಕ್ಕೆ ಇಳಿದು ಅಡಿಯ ಗರಸು (ಸಣ್ಣ ಕಲ್ಲು ಬೆರೆತ ಸಡಿಲ ಪದರ) ಮುಟ್ಟುತ್ತದೆ, ಗರಸಿನಲ್ಲಿ ಅಡ್ಡಕ್ಕೆ ಸರಿದು ತಗ್ಗಿನಲ್ಲಿ ಮತ್ತೆ ಮೇಲೇಳುತ್ತದೆ. ಬರುವಾಗ ಕಾಲುವೆಯ ಉಪ್ಪನ್ನಷ್ಟೇ ತರುವುದಿಲ್ಲ. ಮಳೆ ಕಡಿಮೆಯಾದ ಎರೆ ಸೀಮೆಯಲ್ಲಿ ನೀರಾವರಿಗೆ ಮೊದಲೇ ಕೆಳಪದರದಲ್ಲಿ ಉಪ್ಪು ಕೂತಿರುತ್ತದೆ, ಅದನ್ನೂ ಕರಗಿಸಿ ತರುತ್ತದೆ. ತಗ್ಗಿನ ಹೊಲದ ಅಡಿಯ ನೀರಿನ ಮಟ್ಟ ಒಂದೂವರೆ ಮೀಟರ್ ಆಳಕ್ಕಿಂತ ಮೇಲೆ ಬಂದರೆ ಮುಗಿಯಿತು. ಜೇಡಿ ಹೆಚ್ಚಿರುವ ಮಣ್ಣು ದೀಪದ ಬತ್ತಿ ಎಣ್ಣೆ ಎಳೆದ ಹಾಗೆ ನೀರನ್ನು ಎಳೆಯುತ್ತದೆ. ಮೇಲೆ ಬಂದ ನೀರು ಆರುತ್ತದೆ, ಉಪ್ಪು ಉಳಿಯುತ್ತದೆ. ಫೆಬ್ರವರಿಯಿಂದ ಜೂನ್ ತನಕ ಖಾಲಿ ಬಿಟ್ಟ ತಗ್ಗಿನ ಹೊಲ ಬತ್ತಿಯ ಕೆಲಸವನ್ನು ಬಿಡುವಿಲ್ಲದೆ ಮಾಡುತ್ತದೆ. ಎರಡನೇ ಬೆಳೆಗೆ ನೀರು ಸಿಗದ ವರ್ಷದ ಮುಂದಿನ ಮುಂಗಾರಿನಲ್ಲಿ ತಗ್ಗಿನ ಸಸಿ ಹೆಚ್ಚು ಸುಡುವುದು ಈ ಕಾರಣಕ್ಕೆ.

ಇದರಿಂದ ಒಂದು ತೊಡಕು ಹುಟ್ಟುತ್ತದೆ. ನೀತಿ ಮಾಡುವವರು ಇದನ್ನು ಬಹಳ ಸಲ ದಾಟಿ ಹೋಗುತ್ತಾರೆ. ಬೆಳೆಗಳ ಉಪ್ಪು ತಾಳಿಕೆಯ ಪ್ರಸಿದ್ಧ ಕೋಷ್ಟಕದಂತೆ ಭತ್ತದ ಇಳುವರಿ ಮಣ್ಣಿನ ಸಂತೃಪ್ತ ಸಾರದ (ಮುದ್ದೆ ಮಾಡಿದ ಮಣ್ಣಿನಿಂದ ಹೀರಿದ ರಸದ) ಇ.ಸಿ. 3 ದಾಟಿದ ಮೇಲೆ ಪ್ರತಿ ಡೆಸಿಸೀಮೆನ್ಸ್‌ಗೆ ಶೇ 12ರಂತೆ ಕುಸಿಯುತ್ತದೆ. ಹತ್ತಿಯ ಹೊಸ್ತಿಲು 7.7, ಜೋಳದ್ದು 6.8. ಇ.ಸಿ. 6 ಇರುವ ಹೊಲದಲ್ಲಿ ಭತ್ತ ಮೂರರಲ್ಲೊಂದು ಪಾಲು ಕಳೆದುಕೊಂಡರೆ, ಲೆಕ್ಕದ ಪ್ರಕಾರ ಹತ್ತಿಗೆ ಏನೂ ಆಗಬಾರದು. ಹಾಗಾದರೆ ತಗ್ಗಿನ ರೈತ ಹತ್ತಿ ಹಾಕಲಿ ಎನ್ನುವುದು ಸುಲಭ. ಆದರೆ ಕೋಷ್ಟಕ ಉಪ್ಪನ್ನು ಮಾತ್ರ ನೋಡುತ್ತದೆ, ಜವಳನ್ನು ನೋಡುವುದಿಲ್ಲ. ಅರ್ಧ ಮೀಟರ್ ಆಳದಲ್ಲಿ ನೀರು ನಿಂತ ಹೊಲದಲ್ಲಿ ಹತ್ತಿಯ ಬೇರು ಉಸಿರುಕಟ್ಟಿ ಸಾಯುತ್ತದೆ, ಜೋಳ ಹಳದಿಯಾಗಿ ನಿಲ್ಲುತ್ತದೆ. ಅಲ್ಲಿ ಬದುಕುವ ಬೆಳೆ ಭತ್ತವೊಂದೇ. ಜೊತೆಗೆ ಮೇಲೆ ನಿಲ್ಲಿಸಿದ ನೀರು ಬೆಳೆಯಿರುವಷ್ಟು ದಿನ ಉಪ್ಪನ್ನು ಕೆಳಗೆ ಅದುಮಿ ಇಡುತ್ತದೆ. ಮೇಲಿನವನ ಭತ್ತ ರೋಗ ತಂದಿತು, ಕೆಳಗಿನವನಿಗೆ ಭತ್ತವೇ ಮದ್ದು. ಇಬ್ಬರಿಗೂ ಒಂದೇ ಸುತ್ತೋಲೆಯಲ್ಲಿ "ಭತ್ತ ಬೆಳೆಯಬೇಡಿ" ಎಂದರೆ ಮೇಲಿನವನು ಕೇಳುವುದಿಲ್ಲ, ಕೆಳಗಿನವನು ಕೇಳಿ ಕೆಡುತ್ತಾನೆ.

ಅಳೆಯುವುದು: ಎಲ್ಲಿ ತಪ್ಪುತ್ತದೆ

ಮಣ್ಣು ಆರೋಗ್ಯ ಕಾರ್ಡು 2015ರಲ್ಲಿ ಬಂತು. ನೀರಾವರಿಯಲ್ಲಿ ಎರಡೂವರೆ ಹೆಕ್ಟೇರಿಗೆ ಒಂದು ಮಾದರಿ, ಮೇಲಿನ ಒಂದು ಗೇಣಿನ ಮಣ್ಣು. ಗೊಬ್ಬರದ ಶಿಫಾರಸಿಗೆ ಇದು ನಡೆಯುತ್ತದೆ. ಸವಳು ಹಿಡಿಯಲು ಮೂರು ಕಡೆ ಎಡವುತ್ತದೆ.

ಮೊದಲನೆಯದು ವಿಧಾನ. ಪ್ರಯೋಗಾಲಯದಲ್ಲಿ ಸಾಮಾನ್ಯವಾಗಿ ಒಂದು ಪಾಲು ಮಣ್ಣಿಗೆ ಎರಡೂವರೆ ಪಾಲು ನೀರು ಕಲಸಿ ಇ.ಸಿ. ನೋಡುತ್ತಾರೆ. ಬೆಳೆಯ ತಾಳಿಕೆಯ ಕೋಷ್ಟಕ ಇರುವುದು ಸಂತೃಪ್ತ ಸಾರಕ್ಕೆ, ಅಂದರೆ ಮಣ್ಣನ್ನು ಹೊಳೆಯುವ ಮುದ್ದೆಯಾಗುವಷ್ಟೇ ನೀರು ಹಾಕಿ ಕಲಸಿ, ಹೀರಿ ತೆಗೆದ ರಸಕ್ಕೆ. ಎರೆ ಮಣ್ಣು ಮುದ್ದೆಯಾಗಲು ತನ್ನ ತೂಕದ ಶೇ 70–90ರಷ್ಟು ನೀರು ಕುಡಿಯುತ್ತದೆ. 250 ಪಾಲು ನೀರಿನಲ್ಲಿ ತೆಳ್ಳಗಾದ ಉಪ್ಪು 80 ಪಾಲಿನಲ್ಲಿ ಮೂರು ಪಟ್ಟು ಗಟ್ಟಿ. ಕಾರ್ಡಿನಲ್ಲಿ 1ರ ಒಳಗೆ ಇದ್ದರೆ "ಸಾಮಾನ್ಯ" ಎಂದು ಬರುತ್ತದೆ, ಹೊಲದ ಬೇರಿಗೆ ಅದು 3ರ ಹತ್ತಿರ, ಭತ್ತ ಸೋಲುವ ಹೊಸ್ತಿಲಿನಲ್ಲಿ. ಮಣ್ಣಿನಲ್ಲಿ ಸಹಜ ಜಿಪ್ಸಂ ಇದ್ದರೆ ಹೆಚ್ಚು ನೀರಿನಲ್ಲಿ ಅದೂ ಕರಗಿ ಲೆಕ್ಕ ಬೇರೆ ಕಡೆ ಓರೆಯಾಗುತ್ತದೆ. ಆದ್ದರಿಂದ ಪ್ರತಿ ಹೋಬಳಿಯಿಂದ ಇಪ್ಪತ್ತು ಮೂವತ್ತು ಮಾದರಿಗೆ ಎರಡೂ ವಿಧಾನ ಮಾಡಿ ಆ ಮಣ್ಣಿನದೇ ಗುಣಕ ತೆಗೆಯಬೇಕು. ಪುಸ್ತಕದ ಗುಣಕ ಹಾಕಬಾರದು.

ಎರಡನೆಯದು ಆಳ. 0–15, 15–30, 30–60, 60–90 ಸೆಂಟಿಮೀಟರ್ ಹೀಗೆ ನಾಲ್ಕು ಪದರ ತೆಗೆಯಬೇಕು. ಮೇಲೆ ಹೆಚ್ಚು, ಕೆಳಗೆ ಕಡಿಮೆ ಇದ್ದರೆ ಉಪ್ಪು ಕೆಳಗಿನಿಂದ ಏರುತ್ತಿದೆ, ನೀರಿನ ಮಟ್ಟ ಹತ್ತಿರವಿದೆ. ಮೇಲೆ ಕಡಿಮೆ, ಕೆಳಗೆ ಹೆಚ್ಚು ಇದ್ದರೆ ಬಸಿದು ಹೋಗುತ್ತಿದೆ, ಸದ್ಯಕ್ಕೆ ಹೊಲ ಗೆಲ್ಲುತ್ತಿದೆ. ಮೇಲಿನ ಒಂದು ಗೇಣು ಮಾತ್ರ ತೆಗೆದರೆ ಈ ಎರಡು ಹೊಲ ಒಂದೇ ಥರ ಕಾಣಬಹುದು.

ಮೂರನೆಯದು ತಿಂಗಳು. ಸೆಪ್ಟೆಂಬರಿನ ಒಂದು ಜೋರು ಮಳೆಯ ಮರುವಾರ ತೆಗೆದ ಮಣ್ಣಿಗೂ ಮೇ ತಿಂಗಳ ಮಣ್ಣಿಗೂ ಹೋಲಿಕೆಯೇ ಇಲ್ಲ. ವರ್ಷದಿಂದ ವರ್ಷಕ್ಕೆ ಹೋಲಿಸಬೇಕಾದರೆ ಒಂದೇ ಗುರುತಿನ ಜಾಗ, ಒಂದೇ ತಿಂಗಳು: ಕಾಲುವೆ ಬಂದ್ ಆದಮೇಲೆ, ಮೊದಲ ಮಳೆಗೆ ಮುಂಚೆ. ಗುರಿ ಸಂಖ್ಯೆ ಮುಟ್ಟಲು ಮಳೆಗಾಲದ ನಡುವೆ ಚೀಲ ತುಂಬಿದ ಮಾದರಿಗಳು ಈ ಕೆಲಸಕ್ಕೆ ಬಾರವು.

ಮಣ್ಣಿಗಿಂತ ಮೊದಲು ನೋಡಬೇಕಾದ್ದು ನೀರಿನ ಮಟ್ಟ. ಅದಕ್ಕೆ ಖರ್ಚೂ ಕಡಿಮೆ. ಎರಡಿಂಚಿನ, ಮೂರು ಮೀಟರ್ ಪಿವಿಸಿ ಪೈಪು ತೆಗೆದುಕೊಂಡು ಕೆಳಗಿನ ಎರಡು ಮೀಟರಿಗೆ ಗರಗಸದಿಂದ ಸೀಳು ಹಾಕಿ, ನೈಲಾನ್ ಜಾಲರಿ ಸುತ್ತಿ, ಕೆಳಗಿನ ಬಾಯಿ ಮುಚ್ಚಬೇಕು. ನಾಲ್ಕಿಂಚಿನ ಆಗರ್‌ನಿಂದ (ಮಣ್ಣು ಕೊರೆಯುವ ತಿರುಪಿನಿಂದ) ತೆಗೆದ ಕುಳಿಯಲ್ಲಿ ಇಳಿಸಿ, ಸುತ್ತ ಒರಟು ಮರಳು ತುಂಬಿ, ಮೇಲಿನ ಅರ್ಧ ಮೀಟರನ್ನು ನೀರಿಗೆ ಉಬ್ಬುವ ಬೆಂಟೋನೈಟ್ ಜೇಡಿ ಅಥವಾ ನಾದಿದ ಜೇಡಿಯಿಂದ ಗಟ್ಟಿ ಮಾಡಬೇಕು. ಈ ಕೊನೆಯ ಅರ್ಧ ಮೀಟರ್ ಬಿಟ್ಟವರೇ ಹೆಚ್ಚು. ಎರೆ ಭೂಮಿ ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರಿಯುತ್ತದೆ. ಜೂನ್ ಮಳೆ ಬಿರುಕಿನಲ್ಲಿ ನುಗ್ಗಿ ಪೈಪಿನ ಗೋಡೆ ಹಿಡಿದು ಕೆಳಗಿಳಿದರೆ ಪೈಪು ತುಂಬಿ, ನೀರಿನ ಮಟ್ಟ ಅರ್ಧ ಮೀಟರಿಗೆ ಬಂತು ಎಂದು ತೋರಿಸುತ್ತದೆ. ಪಕ್ಕದಲ್ಲಿ ಅಗೆದರೆ ಒಣ ಮಣ್ಣು. ಪೈಪಿನ ಬಾಯಿ ನೆಲದಿಂದ ಎಷ್ಟು ಮೇಲಿದೆ ಎಂದು ಬರೆದಿಡದಿದ್ದರೆ ವರ್ಷವಿಡೀ ಅಷ್ಟು ತಪ್ಪು ಮುಂದುವರಿಯುತ್ತದೆ. ಎಲ್ಲ ಪೈಪುಗಳ ಬಾಯಿಯ ಎತ್ತರವನ್ನು ಡಂಪಿ ಲೆವೆಲ್‌ನಿಂದ (ಎತ್ತರ ಅಳೆಯುವ ಸಲಕರಣೆಯಿಂದ) ಒಂದೇ ಮೂಲಮಟ್ಟಕ್ಕೆ ಹೋಲಿಸಿ ಬರೆದರೆ ಮಾತ್ರ ನೀರು ಯಾರ ಹೊಲದಿಂದ ಯಾರ ಹೊಲಕ್ಕೆ ಸರಿಯುತ್ತಿದೆ ಎಂಬುದು ಗೊತ್ತಾಗುತ್ತದೆ. ಕಾಲುವೆಯಿಂದ ಹಳ್ಳದ ತನಕ ಒಂದು ಸಾಲಿನಲ್ಲಿ ಐದಾರು ಪೈಪು ಸಾಕು. ಹದಿನೈದು ದಿನಕ್ಕೊಮ್ಮೆ ಅಳತೆ, ಜೊತೆಗೆ ಅದೇ ನೀರಿನ ಇ.ಸಿ. ನೋಡಬೇಕು. ಅದನ್ನು ಅಳೆಯುವ ಮೀಟರಿಗೆ ನಿಗದಿತ ದ್ರಾವಣದಲ್ಲಿ ತಿಂಗಳಿಗೊಮ್ಮೆ ಹೊಂದಾಣಿಕೆ ಮಾಡದಿದ್ದರೆ ಕಾಲು ಭಾಗ ಆಚೀಚೆ ಓದುವುದು ಹೊಸದೇನಲ್ಲ.

ಉಪಗ್ರಹದ ವಿಷಯ ಬಂದರೆ ಎಲ್ಲರೂ ಬಿಳಿ ಚುಕ್ಕೆ ಹುಡುಕುತ್ತಾರೆ. ಎರೆ ಭೂಮಿಯಲ್ಲಿ ಅದು ಮೋಸ. ಸುಣ್ಣಕಲ್ಲು ಮೇಲೆದ್ದ ದಿಬ್ಬ, ಒಣ ಹುಲ್ಲು, ಬಿರಿದ ಗರಸು ಎಲ್ಲವೂ ಬಿಳುಪಾಗೇ ಕಾಣುತ್ತವೆ. ತೇವ ಹಿಡಿದಿಡುವ ಕೆಲವು ಲವಣಗಳಿರುವ ಹೊಲವಂತೂ ಸುತ್ತಲಿನದಕ್ಕಿಂತ ಕಪ್ಪಗೆ, ಎಣ್ಣೆ ಚೆಲ್ಲಿದಂತೆ ಕಾಣುತ್ತದೆ. ಹೆಚ್ಚು ನಂಬಬಹುದಾದ ಗುರುತು ಬೇರೆ: ಬೆಳೆಯ ಹಸಿರು. ಯುರೋಪಿನ ಸೆಂಟಿನೆಲ್-2 ಉಪಗ್ರಹದ ಹತ್ತು ಮೀಟರ್ ಚಿತ್ರಗಳು 2015ರಿಂದ ಉಚಿತವಾಗಿ ಸಿಗುತ್ತವೆ. ಅಕ್ಟೋಬರ್ ಎರಡನೇ ವಾರದ ಹಸಿರನ್ನು ಐದಾರು ವರ್ಷ ಒಂದರ ಮೇಲೊಂದು ಇಟ್ಟರೆ, ಸುತ್ತಲಿನ ಭತ್ತ ತುಂಬಿ ನಿಂತಾಗಲೂ ಪ್ರತಿ ವರ್ಷ ಬೋಳಾಗಿ ಉಳಿಯುವ ತುಂಡುಗಳು ತಾವೇ ಎದ್ದು ಕಾಣುತ್ತವೆ. ಒಂದು ವರ್ಷ ಬೋಳಾದರೆ ಅದಕ್ಕೆ ರೋಗ, ಜಗಳ, ಸಾಲ ಯಾವುದೂ ಕಾರಣವಿರಬಹುದು. ಐದು ವರ್ಷ ಬೋಳಾದರೆ ಮಣ್ಣು ಅಗೆದು ನೋಡಬೇಕು. ನಾಟಿಯ ಕಾಲದಲ್ಲಿ ಮೋಡವಿರುವುದರಿಂದ ಯಾವ ಹೊಲಕ್ಕೆ ನೀರು ತುಂಬಿದರು ಎಂದು ತಿಳಿಯಲು ಸೆಂಟಿನೆಲ್-1ರ ರಾಡಾರ್ ಚಿತ್ರ ಬೇಕು: ನೀರು ನಿಂತ ಗದ್ದೆ ಅದರಲ್ಲಿ ಕಪ್ಪಗೆ ಕಂಡು, ಪೈರು ಎದ್ದಂತೆ ಬೆಳ್ಳಗಾಗುತ್ತದೆ. ಈ ನಕ್ಷೆಯನ್ನು ಲೋಕಲೈಜೇಷನ್ ಪಟ್ಟಿಯ ಮೇಲೂ ಬೆಳೆ ಸಮೀಕ್ಷೆ ಆ್ಯಪಿನ ದಾಖಲೆಯ ಮೇಲೂ ಇಟ್ಟು ನೋಡುವುದು ಒಬ್ಬ ತಂತ್ರಜ್ಞನ ಕೆಲವು ವಾರಗಳ ಕೆಲಸ. ಕಷ್ಟವಿರುವುದು ಕೆಲಸದಲ್ಲಲ್ಲ, ಫಲಿತಾಂಶವನ್ನು ಊರಿನ ಮುಂದೆ ಇಡುವುದರಲ್ಲಿ.

ನಲವತ್ತು ಎಕರೆಗೆ ಬಸಿಗಾಲುವೆ ಲೆಕ್ಕ

ಉದಾಹರಣೆಗೆ ಹಳ್ಳದ ಪಕ್ಕದ 40 ಎಕರೆ, ಅಂದರೆ 16 ಹೆಕ್ಟೇರ್ ತಟ್ಟು ಹಿಡಿಯೋಣ. ನೆಲದಡಿಯ ಬಸಿ ಪೈಪು ಎಂದರೆ 80 ಮಿಲಿಮೀಟರ್ ಸುರುಳಿ ಪಿವಿಸಿ ಪೈಪು, ಸುತ್ತ ತೂತು, ಮೇಲೆ ಬಟ್ಟೆಯಂಥ ಸೋಸು ಹೊದಿಕೆ. 1 ರಿಂದ 1.2 ಮೀಟರ್ ಆಳದಲ್ಲಿ, ಸಾಲಿನಿಂದ ಸಾಲಿಗೆ 50 ಮೀಟರ್ ಬಿಟ್ಟು ಹಾಕಿದರೆ ಹೆಕ್ಟೇರಿಗೆ 200 ಮೀಟರಿನಂತೆ 3,200 ಮೀಟರ್ ಬೇಕು. ಇವೆಲ್ಲ ಹೋಗಿ ಸೇರುವ ಕೂಡುಪೈಪು ದಪ್ಪದ್ದು, ಅದರ ಬಾಯಿ ಹಳ್ಳಕ್ಕೆ. ನೂರು ಮೀಟರಿಗೆ ಹತ್ತರಿಂದ ಇಪ್ಪತ್ತು ಸೆಂಟಿಮೀಟರ್ ಇಳಿಜಾರು. ಖರ್ಚು ಹೆಕ್ಟೇರಿಗೆ ಲಕ್ಷ ರೂಪಾಯಿ ದಾಟುತ್ತದೆ, ಒಬ್ಬ ರೈತ ಮಾಡಿಕೊಳ್ಳುವ ಕೆಲಸವಲ್ಲ.

ದಿನಕ್ಕೆ ಒಂದೂವರೆ ಮಿಲಿಮೀಟರ್ ನೀರು ಬಸಿದರೆ 16 ಹೆಕ್ಟೇರಿನಿಂದ 240 ಘನ ಮೀಟರ್ ಹೊರಬರುತ್ತದೆ, ಸೆಕೆಂಡಿಗೆ ಮೂರು ಲೀಟರಿಗಿಂತ ಕಡಿಮೆ. ಒಂದು ಬಕೆಟ್ಟಿಟ್ಟು, ಮೊಬೈಲಿನಲ್ಲಿ ಸೆಕೆಂಡು ಎಣಿಸಿ ಅಳೆಯಬಹುದಾದಷ್ಟು. ಬಸಿದ ನೀರಿನ ಇ.ಸಿ. 4 ಇದ್ದರೆ ದಿನಕ್ಕೆ 600 ಕಿಲೋಗೂ ಹೆಚ್ಚು ಉಪ್ಪು ಹೊರಹೋಯಿತು. ಮೇಲೆ ಹೇಳಿದ ಲೆಕ್ಕದಂತೆ ಒಂದು ಬೆಳೆಗೆ ಈ ತಟ್ಟಿಗೆ ಕಾಲುವೆ ತರುವ ಉಪ್ಪು 37 ಟನ್. ಅರವತ್ತು ದಿನ ಪೈಪು ಸರಿಯಾಗಿ ಹರಿದರೆ ಬಂದಷ್ಟು ಹೋಯಿತು. ಅದಕ್ಕಿಂತ ಹೆಚ್ಚು ದಿನ ಹರಿದದ್ದು ಹಳೆಯ ಸಾಲ ತೀರಿಸಿದ ಹಾಗೆ. ಬಕೆಟ್ಟು ಮತ್ತು ಇ.ಸಿ. ಮೀಟರು, ಎರಡೇ ಸಲಕರಣೆಯಲ್ಲಿ ಯೋಜನೆ ಗೆದ್ದಿತೋ ಸೋತಿತೋ ಹೇಳಬಹುದು. ಇಷ್ಟಿದ್ದೂ ಮುಗಿದ ಕಾಮಗಾರಿಯ ದಾಖಲೆಯಲ್ಲಿ ಸಿಗುವುದು ಪೈಪಿನ ಮೀಟರು, ಬಸಿದ ಉಪ್ಪಿನ ಟನ್ನು ಅಲ್ಲ.

ಸೋಲುವ ದಾರಿಗಳು ಪ್ರತಿ ಸಲ ಅವೇ. ಎಲ್ಲಕ್ಕಿಂತ ಮೊದಲು ಹಳ್ಳ. ಕೂಡುಪೈಪಿನ ಬಾಯಿ ಹಳ್ಳದ ನೀರಿಗಿಂತ ಒಂದಡಿಯಾದರೂ ಮೇಲಿರಬೇಕು. ಹೂಳು, ಆಪು, ಜಾಲಿ ತುಂಬಿದ ಹಳ್ಳದಲ್ಲಿ ನೀರು ಏರಿ ಬಾಯಿ ಮುಳುಗಿದರೆ ಪೈಪು ಹಿಮ್ಮುಖ ಹರಿದು ಹೊಲಕ್ಕೇ ನೀರು ಕೊಡುತ್ತದೆ. ಜಾಲಿ ಎಂದರೆ ಬಳ್ಳಾರಿ ಜಾಲಿಯೇ. ಸವಳಿಗೂ ಬಗ್ಗದೆ ಹಳ್ಳದ ಎರಡೂ ದಂಡೆಯನ್ನು ಆಳುತ್ತಿರುವ ಮರಕ್ಕೆ ನಾವೇ ನಮ್ಮ ಸೀಮೆಯ ಹೆಸರಿಟ್ಟು ಕೊಟ್ಟಿದ್ದೇವೆ. ಹಳ್ಳ ಕಂದಾಯ ದಾಖಲೆಯಲ್ಲಿ 'ಬ' ಖರಾಬು, ಸಾರ್ವಜನಿಕರದ್ದು. ನೆಲದ ಮೇಲೆ ಅದರ ಅರ್ಧ ಅಗಲ ಯಾರದ್ದೋ ಗದ್ದೆಯಾಗಿರುತ್ತದೆ.

ಎರಡನೆಯದು ಇಳಿಜಾರು. ಮಟ್ಟ ತೋರಿಸುವ ಲೇಸರ್ ಇಲ್ಲದ ಜೆಸಿಬಿಯಿಂದ ಪೈಪಿಗೆ ತೋಡಿದ ಕಾಲುವೆಯಲ್ಲಿ ತಳ ಅಲೆಯಲೆಯಾಗಿರುತ್ತದೆ. ಮೂರು ಬೆರಳು ತಗ್ಗಾದ ಜಾಗದಲ್ಲಿ ಕೆಸರು ಕೂತು ಎರಡು ಹಂಗಾಮಿಗೆ ಪೈಪು ಕಟ್ಟುತ್ತದೆ. ಹಸಿ ಎರೆಯಲ್ಲಿ ತೋಡಿದರೆ ಬಕೆಟ್ಟಿನ ಹಲ್ಲು ಗೋಡೆಯನ್ನು ಸಾರಿಸಿದಂತೆ ನುಣುಪು ಮಾಡುತ್ತದೆ, ನೀರು ಒಳಬರುವ ಸಂದುಗಳೇ ಮುಚ್ಚಿಹೋಗುತ್ತವೆ.

ಮೂರನೆಯದು ಗೋಣಿಚೀಲ. ನಾಟಿಯಾದ ಮೇಲೆ ಗದ್ದೆಯ ನೀರು ಪೈಪಿನಲ್ಲಿ ಸೋರಿ ಹೋಗುವುದನ್ನು ಕಂಡ ರೈತ ಚೀಲ ಸುರುಳಿ ಮಾಡಿ ಬಾಯಿಗೆ ತುರುಕುತ್ತಾನೆ. ಅವನದು ತಪ್ಪಲ್ಲ: ಸರದಿ ನೀರು ಮತ್ತೆ ಯಾವಾಗ ಬರುತ್ತದೋ ಗೊತ್ತಿಲ್ಲ, ಹಾಕಿದ ಯೂರಿಯಾ ಕೂಡ ಆ ನೀರಿನಲ್ಲೇ ಹೋಗುತ್ತಿದೆ. ಕೊಯ್ಲಾದ ಮೇಲೆ ಚೀಲ ತೆಗೆಯುವುದು ಯಾರಿಗೂ ನೆನಪಿರುವುದಿಲ್ಲ. ಇದಕ್ಕೆ ಉತ್ತರ ಬೈಗುಳವಲ್ಲ, ಒಂದು ಮೊಳಕೈ ಪೈಪು. ಬಾಯಿಗೆ ಮೇಲ್ಮುಖ ಮೊಳಕೈ ಹಾಕಿ ಎತ್ತರ ಹೊಂದಿಸುವ ತುಂಡು ಕೂರಿಸಿದರೆ, ಬೆಳೆಯ ಕಾಲದಲ್ಲಿ ನೀರು ನೆಲದಿಂದ ಅರ್ಧ ಮೀಟರಿನಷ್ಟು ಕೆಳಗೆ ನಿಲ್ಲುವಂತೆ ಎತ್ತಿಡಬಹುದು, ಕೊಯ್ಲಿಗೆ ಹದಿನೈದು ದಿನ ಮುಂಚೆ ಪೂರ್ತಿ ಇಳಿಸಬಹುದು. ನಿಯಂತ್ರಿತ ಬಸಿಯುವಿಕೆ ಎಂಬ ಈ ಪದ್ಧತಿಯನ್ನು ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರದಲ್ಲಿ ಪರೀಕ್ಷಿಸಿದ್ದಾರೆ. ನೀರು, ಸಾರಜನಕ ಎರಡೂ ಉಳಿಯುತ್ತವೆ. ರೈತ ಚೀಲ ತುರುಕುವ ಅಗತ್ಯವೇ ಬರುವುದಿಲ್ಲ.

ಬಸಿದ ಉಪ್ಪುನೀರು ಹಳ್ಳಕ್ಕೆ ಹೋದಮೇಲೆ ಅದು ಕೆಳಗಿನವರ ನೀರು. ಕೊನೆಭಾಗದಲ್ಲಿ ಹಳ್ಳಕ್ಕೆ ಮೋಟರಿಟ್ಟು ಬೆಳೆ ಉಳಿಸಿಕೊಳ್ಳುವವರು ಬೇಕಾದಷ್ಟು ಜನ. ಆದ್ದರಿಂದ ಎತ್ತಿಟ್ಟ ಪೈಪುಗಳನ್ನು ಹಳ್ಳದಲ್ಲಿ ಹರಿವು ಚೆನ್ನಾಗಿದ್ದು ಬಾಯಿ ಮುಳುಗದಿರುವಾಗ ಇಳಿಸುವುದು ಒಳ್ಳೆಯದು, ಹಳ್ಳ ಸಣ್ಣಗಿರುವ ಫೆಬ್ರವರಿಯಲ್ಲಿ ಎಲ್ಲರೂ ಒಟ್ಟಿಗೆ ಬಿಡುವುದಲ್ಲ.

ಜಿಪ್ಸಂ, ಸಸಿ

ಜಿಪ್ಸಂ ಬಗ್ಗೆ ಎರಡು ಮಾತು ಸಾಕು. ಅದು ಉಪ್ಪಿಗೆ ಮದ್ದಲ್ಲ, ಸೋಡಿಯಂಗೆ ಮದ್ದು. ಸಂತೃಪ್ತ ಮುದ್ದೆಯ ರಸಸಾರ (ಪಿಎಚ್) 8.5 ದಾಟಿ, ವಿನಿಮಯ ಸೋಡಿಯಂ (ಮಣ್ಣಿನ ಕಣಕ್ಕೆ ಅಂಟಿದ ಸೋಡಿಯಂ ಪಾಲು) ಶೇ 15ಕ್ಕಿಂತ ಹೆಚ್ಚಿದ್ದರೆ ಮಾತ್ರ ಹಾಕಬೇಕು. ಬಿಳಿ ಪದರವಿದ್ದು ರಸಸಾರ 8ರೊಳಗಿದ್ದರೆ ಬೇಕಾದ್ದು ಬಸಿಯುವ ದಾರಿ, ಜಿಪ್ಸಂ ಚೀಲವಲ್ಲ. ಇನ್ನು ಪ್ರಮಾಣ: ಎರೆ ಮಣ್ಣು ಸೋಡಿಯಂ ಹಿಡಿದಿಡುವ ಸಾಮರ್ಥ್ಯ ದೊಡ್ಡದು. 100 ಗ್ರಾಂ ಮಣ್ಣಿಗೆ 50 ಮಿಲಿಸಮಾನ (ಈ ಹಿಡಿತವನ್ನು ಅಳೆಯುವ ಮಾನ) ಹಿಡಿತವಿರುವ ಮಣ್ಣಿನಲ್ಲಿ ಸೋಡಿಯಂ ಪಾಲನ್ನು ಶೇ 20ರಿಂದ 10ಕ್ಕೆ ಇಳಿಸಲು, ಮೇಲಿನ 15 ಸೆಂಟಿಮೀಟರಿಗಷ್ಟೇ, ಎಕರೆಗೆ ಸುಮಾರು 3.4 ಟನ್ ಶುದ್ಧ ಜಿಪ್ಸಂ ಬೇಕು. 50 ಕಿಲೋದ 68 ಚೀಲ. ಶೇ 80 ಶುದ್ಧವಾದರೆ 85 ಚೀಲ. ಸಹಾಯಧನದಲ್ಲಿ ಸಿಕ್ಕ ಐದಾರು ಚೀಲ ಎರಚಿದವರಿಗೆ ಫಲ ಕಾಣದಿದ್ದರೆ ಆಶ್ಚರ್ಯವಿಲ್ಲ. ಹಾಕಿದ ಮೇಲೆ ನೀರು ನಿಲ್ಲಿಸಿ ಬಸಿಯದಿದ್ದರೆ ಬಿಡಿಸಿದ ಸೋಡಿಯಂ ಅಲ್ಲೇ ಉಳಿಯುತ್ತದೆ.

ಬಸಿ ಪೈಪು ಬರುವ ತನಕ ತಗ್ಗಿನ ಹೊಲದವರು ಮಾಡಬಹುದಾದ್ದು ಇದೆ. ಬೇಸಿಗೆಯಲ್ಲಿ ಹೊಲ ಬೋಳು ಬಿಡದೆ, ನೀರಿದ್ದರೆ ಹಸಿರೆಲೆ ಗೊಬ್ಬರದ ಡಯಂಚ ಬಿತ್ತಿ ನಾಟಿಗೆ ಮುಂಚೆ ಮಣ್ಣಿಗೆ ಸೇರಿಸುವುದು. ಸಸಿಮಡಿಯನ್ನು ಮೇಲಿನ ಸಿಹಿ ಮಣ್ಣಿನಲ್ಲೇ ಮಾಡುವುದು. ಎಳೆ ಸಸಿ ಉಪ್ಪಿಗೆ ಬಲು ಬೇಗ ಸೋಲುವುದರಿಂದ 30–35 ದಿನದ ಸಸಿಯನ್ನು ಗುಣಿಗೆ ಮೂರು ನಾಲ್ಕರಂತೆ, ಸ್ವಲ್ಪ ಒತ್ತಾಗಿ ನೆಡುವುದು. ನಾಟಿಗೆ ಮುಂಚೆ ಒಂದೆರಡು ಸಲ ನೀರು ತುಂಬಿ, ಮೇಲಿನ ನೀರನ್ನೇ ಹರಿಸಿ ಬಿಡುವುದು. ಕೂರಿಗೆಯಿಂದ ನೇರ ಬಿತ್ತುವ ಭತ್ತ ನೀರು ಉಳಿಸುತ್ತದೆ ಎಂದು ಎಲ್ಲ ಕಡೆ ಹೇಳುತ್ತಾರೆ, ನಿಜ. ಆದರೆ ಅದು ಮೇಲಿನ ಹೊಲದ ಪದ್ಧತಿ. ಸವಳಿನಲ್ಲಿ ಬೀಜ ಮೊಳೆಯುವ ಹೊತ್ತಿಗೇ ಉಪ್ಪು ತಗುಲಿ ಸಾಲು ಸಾಲು ಖಾಲಿ ಬೀಳುತ್ತದೆ.

ಕೆಲಸದ ಸರದಿ

ಈ ಲೆಕ್ಕಗಳನ್ನು ಜೋಡಿಸಿದರೆ ನೀತಿಯ ಸರದಿ ಈಗಿರುವುದಕ್ಕೆ ತಿರುಗುಮುರುಗಾಗುತ್ತದೆ. ಭತ್ತ ಕಡಿಮೆ ಮಾಡುವ ಒತ್ತಡ ಮೊದಲು ಹೋಗಬೇಕಾದ್ದು ಕಾಲುವೆಯ ಹತ್ತಿರದ, ಎತ್ತರದ, ನೀರು ಇಳಿದುಹೋಗುವ ಹೊಲಗಳಿಗೆ. ನೇರ ಬಿತ್ತನೆಗೆ ಪ್ರೋತ್ಸಾಹಧನ, ಕಡಲೆ, ಜೋಳಕ್ಕೆ ಖಾತರಿ ಖರೀದಿ ಬೇಕಾದ್ದು ಅಲ್ಲಿ. ಅಲ್ಲಿ ಉಳಿದ ಒಂದು ಇಂಚು ನೀರು ಎರಡು ಸಲ ಲಾಭ: ಕೊನೆಭಾಗಕ್ಕೆ ಹರಿಯುತ್ತದೆ, ತಗ್ಗಿನವನ ಅಡಿಗೆ ಇಳಿಯುವುದಿಲ್ಲ. ತಗ್ಗಿನ ಹೊಲಗಳಿಗೆ ಭತ್ತ ಮುಂದುವರಿಯಲಿ, ಬಸಿ ಪೈಪು ಬಂದು ನೀರಿನ ಮಟ್ಟ ಎರಡು ವರ್ಷ ಮೀಟರಿಗಿಂತ ಕೆಳಗೆ ನಿಂತ ಮೇಲೆ ಬೇರೆ ಬೆಳೆಯ ಮಾತು ಎತ್ತಿದರೆ ಸಾಕು. ಸವಳಿಗೆ ಸೋತು ಹೊಲವನ್ನು ಮೀನಿನ ಹೊಂಡ ಮಾಡಿಕೊಂಡವರಿಗೂ ಇದೇ ಮಾತು: ಹೊಂಡದ ಸೋರಿಕೆ ಪಕ್ಕದವನ ಲೆಕ್ಕಕ್ಕೆ ಸೇರುತ್ತದೆ, ಅನುಮತಿ ಕೊಡುವ ಮುಂಚೆ ಸುತ್ತ ನೀರಿನ ಮಟ್ಟ ನೋಡುವ ಎರಡು ಪೈಪು ನೆಡಿಸುವುದು ದೊಡ್ಡ ಖರ್ಚಲ್ಲ.

ದಾಖಲೆಯಲ್ಲೂ ಒಂದು ಕೊರತೆ. ಪಹಣಿಯ ಖುಷ್ಕಿ (ಒಣ), ತರಿ (ನೀರಾವರಿ), ಬಾಗಾಯ್ತು (ತೋಟ) ಎಂಬ ವರ್ಗಗಳಲ್ಲಿ ಸವಳು ಎಂಬುದು ಎಲ್ಲೂ ಕೂರುವುದಿಲ್ಲ. ಹತ್ತು ವರ್ಷ ಬೋಳಾಗಿರುವ ಹೊಲವೂ ಕಾಗದದಲ್ಲಿ ನೀರಾವರಿ ಜಮೀನು. ಹೀಗಾಗಿ ಪರಿಹಾರಕ್ಕೂ ಸಿಗದು, ಕಾಮಗಾರಿಯ ಆದ್ಯತಾ ಪಟ್ಟಿಗೂ ಬಾರದು. ಬೆಳೆ ಸಮೀಕ್ಷೆ ಆ್ಯಪಿನಲ್ಲಿ "ಬೆಳೆ ಇಲ್ಲ" ಎಂದು ಒತ್ತುವ ಕಡೆಯೇ "ಸವಳು", "ನೀರು ನಿಂತಿದೆ", "ಬೀಳು ಬಿಟ್ಟಿದ್ದು" ಎಂದು ಕಾರಣದ ಮೂರು ಗುಂಡಿ ಇಟ್ಟರೆ ಉಪಗ್ರಹದ ಬೋಳು ತುಂಡುಗಳಿಗೆ ಸರ್ವೆ ನಂಬರ್ ತಾನಾಗಿ ಸಿಗುತ್ತದೆ.

ಕಾಮಗಾರಿಯ ಸರದಿಯೂ ಹೀಗೆಯೇ: ಹಳ್ಳ ಮೊದಲು, ಕೂಡುಪೈಪು ಆಮೇಲೆ, ಸಾಲುಪೈಪು ಕೊನೆಗೆ. ಹಳ್ಳದ ಗಡಿ ಅಳೆಯಲು ಭೂಮಾಪಕ ಬೇಕು, ಹೂಳೆತ್ತಲು ನೀರಾವರಿ ಇಲಾಖೆ ಬೇಕು, ಪೈಪಿಗೆ ಮುನಿರಾಬಾದಿನ ಕಾಡಾ (ಅಚ್ಚುಕಟ್ಟು ಪ್ರದೇಶಾಭಿವೃದ್ಧಿ ಪ್ರಾಧಿಕಾರ) ಬೇಕು, ಬಾಯಿಯ ಮೊಳಕೈ ಎತ್ತಿಳಿಸಲು ನೀರು ಬಳಕೆದಾರರ ಸಂಘದ ಒಬ್ಬ ಮನುಷ್ಯ ಬೇಕು. ನೆಲ ಒಣಗಿ ಯಂತ್ರ ಇಳಿಯುವಂತಾಗುವುದು ಕಾಲುವೆ ಬಂದ್ ಆಗಿ ಎರಡು ಮೂರು ವಾರದ ಮೇಲೆ, ಮುಂಗಾರಿನ ದೊಡ್ಡ ಮಳೆ ಬರುವ ತನಕ. ಕೂಡಿಸಿ ಕಳೆದರೆ ಆರು ವಾರ. ಅಷ್ಟರೊಳಗೆ ಕೆಲಸ ಮುಗಿಯಬೇಕಾದರೆ ಪೈಪು ಫೆಬ್ರವರಿಯಲ್ಲೇ ಊರಿಗೆ ಬಂದಿರಬೇಕು, ಹಳ್ಳದ ಜಾಲಿ ಮಾರ್ಚಿನಲ್ಲೇ ಕಡಿದಿರಬೇಕು. ಟೆಂಡರ್ ತೆರೆಯುವುದು ಜುಲೈಗೆ ಹೋದರೆ ಅಷ್ಟರಲ್ಲಿ ಕಾಲುವೆಗೆ ನೀರು ಬಂದು ಸಸಿಮಡಿ ಎದ್ದಿರುತ್ತದೆ. ಗುತ್ತಿಗೆದಾರ ಕೆಸರಿನಲ್ಲೇ ಜೆಸಿಬಿ ಇಳಿಸುತ್ತಾನೆ, ಇಲ್ಲವೇ ಸುರುಳಿ ಪೈಪು ಪಂಚಾಯಿತಿ ಅಂಗಳದಲ್ಲಿ ಇನ್ನೊಂದು ಬೇಸಿಗೆಯ ಬಿಸಿಲು ತಿನ್ನುತ್ತದೆ.